ಮಿಷನ್ ನಡೆಯೋವರೆಗೆ

ಗುಜರಿಗೆ ಹಾಕ್ಬೇಕಂತೆ, ನನ್ನ ಮಿಷನ್ನನ್ನ! ಹೇಳಿದವನ ಬಾಯಿಗೆ ಮಣ್ಣು ಹಾಕ.

ನಾನು ಜಗದಾಂಬ. ಶಿರಾಳಕೊಪ್ಪದಲ್ಲಿ ಬಸ್‌ಸ್ಟ್ಯಾಂಡಿಂದ ಸಂತೆ ಮೈದಾನದ ಕಡೆ ತಿರುಗಿದ್ರೆ ಎಡಗಡೆ ಒಂದು ನೀಲಿ ಬೋರ್ಡು ಕಾಣ್ತದೆ, ಡಿ.ಟಿ.ಪಿ. ಸೆಂಟರ್ ಅಂತ. ಅದು ನಂದು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡೋ ಅರ್ಜಿ, ಪಹಣಿ ತಿದ್ದುಪಡಿ ತಕರಾರು, ಯಾವುದಿದ್ರೂ ಟೈಪ್ ಮಾಡಿ ಕೊಡ್ತೀನಿ. ಕಂಪ್ಯೂಟರು ಎರಡು ಸಾವಿರದ ಒಂಬತ್ತರದ್ದು. ಆಗ ಬಿಳಿ ಪೆಟ್ಟಿಗೆ, ಈಗ ಹಳದಿಗೆ ತಿರುಗಿದೆ. ಇರ್ಲಿ ಬಿಡ್ರಿ, ನನ್ನ ಕೂದಲೂ ಆಗ ಕಪ್ಪಿತ್ತು.

ಆ ಪೆಟ್ಟಿಗೆಗೆ ನಾನ್ಯಾಕೆ ಇಷ್ಟು ಜೀವ ಬಿಡ್ತೀನಿ ಅಂತ ಮೊದಲೇ ಹೇಳಿಬಿಡ್ತೀನಿ. ಹದಿಮೂರು ವರ್ಷದ ಹಿಂದೆ ನಮ್ಮನೆಯವರು, ಸಿದ್ಧಲಿಂಗೇಶ್ ಅಂತ, ಮಧ್ಯಾಹ್ನ ಎದೆ ಹಿಡ್ಕೊಂಡು ಕೂತವರು ಏಳಲೇ ಇಲ್ಲ. ಮಗಳು ರಕ್ಷಿತಾಗೆ ಆಗ ಆರು ವರ್ಷ. ಶಿವಗಣಾರಾಧನೆ ಮುಗಿದ ಮಾರನೇ ದಿನ ಮೈದುನ ರೇಣುಕಾಪ್ರಸಾದ್ ಹಿರಿಯರನ್ನ ಕೂರಿಸಿದ. ಹಿಂದಿನ ಮನೆ, ಒಳಗಿನ ಪ್ರೆಸ್ಸು ಎಲ್ಲಾ ಅವನ ಪಾಲಿಗೆ ಹೋಯ್ತು. ರಸ್ತೆ ಕಡೆ ಇರೋ ಮುಂದಿನ ಕೋಣೆ ಒಂದು ಉಳೀತು. ಅದರಲ್ಲಿ ಕಂಪ್ಯೂಟರ್ ಇತ್ತು, ಕಂಪ್ಯೂಟರ್ ಮುಂದೆ ನಾನಿದ್ದೆ. ಹಿರಿಯರಾದ ಉಚ್ಚಂಗಪ್ಪನವರು ಮೀಸೆ ಸವರಿಕೊಂಡು ತೀರ್ಮಾನ ಹೇಳಿದ್ರು. ಆ ಮಿಷನ್ ನಡೆಯೋವರೆಗೆ ಕೋಣೆ ಜಗದಾಂಬಂದು, ಮಿಷನ್ ನಿಂತ ದಿನ ರೇಣುಕಂದು.

ಅವರೆಲ್ಲ ಅಂದ್ಕೊಂಡಿದ್ದು ಎರಡು ಮೂರು ವರ್ಷ ಅಂತ. ಕಂಪ್ಯೂಟರು ಎಷ್ಟು ದಿನ ಬರ್ತದೆ, ಅಷ್ಟರೊಳಗೆ ಹೆಂಗಸೂ ಸುಸ್ತಾಗ್ತಾಳೆ ಅಂತ. ಕಾನೂನು ಬೇರೆ ಇದೆ ಅಂತ ಈಗ ನೀವು ಹೇಳ್ತೀರಿ, ನನಗೂ ಈಗ ಗೊತ್ತು. ಆದ್ರೆ ಆವತ್ತು ನನ್ನ ತಲೆ ಎಲ್ಲಿತ್ತು? ಇನ್ನೊಂದು ಹೇಳ್ಲಾ, ಆ ಕರಾರು ಪತ್ರ ಟೈಪ್ ಮಾಡಿದ್ದೂ ನಾನೇ, ಅದೇ ಮಿಷನ್ ಮೇಲೆ. ರೇಣುಕ ಹೇಳ್ತಾ ಹೋದ, ನಾನು ಕೀ ಒತ್ತುತ್ತಾ ಹೋದೆ. ಒಂದು ಒತ್ತಕ್ಷರ ತಪ್ಪಲಿಲ್ಲ. ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರ್ತದೆ.

ಕೋಣೆಯ ಹಿಂದಿನ ಅರ್ಧಕ್ಕೆ ಒಂದು ಪರದೆ. ಪರದೆ ಹಿಂದೆ ಒಲೆ, ಮಂಚ, ಮಗಳ ಪುಸ್ತಕ. ಪರದೆ ಮುಂದೆ ಮಿಷನ್. ಅಲ್ಲೇ ದುಡಿದು ಅಲ್ಲೇ ಉಂಡು ರಕ್ಷಿತಾನ ಓದಿಸಿದೆ. ಈಗ ಶಿವಮೊಗ್ಗದಲ್ಲಿ ನರ್ಸಿಂಗ್ ಮಾಡ್ತಿದ್ದಾಳೆ. ರಜೆಗೆ ಬಂದ್ರೆ ಅವಳು ಮಲಗೋದೂ ಆ ಪರದೆ ಹಿಂದೇನೇ.

ಹೋದ ತಿಂಗಳು ಬುಧವಾರ ಯಾರೋ ಪುಣ್ಯಾತ್ಮ ಪೆನ್‌ಡ್ರೈವ್ ತಂದು, ಮೇಡಂ ಒಂದು ಪ್ರಿಂಟು ಅಂದ. ಹಾಕಿದೆ. ಅದರಲ್ಲಿ ಎಂಥಾ ವೈರಸ್ ಇತ್ತೋ! ಮಿಷನ್ ಒಂದ್ಸಲ ಬಂದ್ ಆಯ್ತು, ಮತ್ತೆ ಹಚ್ಚಿದ್ರೆ ಬರೀ ನೀಲಿ ಸ್ಕ್ರೀನು. ಆರಿಸಿದೆ, ಹಚ್ಚಿದೆ. ಮತ್ತೆ ನೀಲಿ. ಅಷ್ಟೊತ್ತಿಗೆ ರೇಣುಕ ಬಾಗಿಲಲ್ಲಿ ಬಂದು ನಿಂತಿದ್ದ. ಅವನಿಗೆ ವಾಸನೆ ಹೇಗೆ ಬಡೀತದೋ ಆ ಶಿವನಿಗೇ ಗೊತ್ತು.

"ನಿಂತಿತಲ್ಲ ಅತ್ತಿಗೆ," ಅಂದ. ಬೇಜಾರಿನ ಮುಖ ಮಾಡ್ಕೊಂಡೇ ಅಂದ.

"ನಿಂತಿಲ್ಲ. ಸುಧಾರಿಸ್ಕೊಳ್ತಿದೆ," ಅಂದೆ.

"ಸೋಮವಾರ ಸಂತೆಗೆ ಉಚ್ಚಂಗಪ್ಪನವರು ಬರ್ತಾರೆ. ಅವರೇ ಕಣ್ಣಾರೆ ನೋಡ್ಲಿ. ಮಾತು ಅಂದ್ರೆ ಮಾತು ಅಲ್ವಾ? ಹುಡುಗರಿಗೆ ಮೊಬೈಲ್ ಅಂಗಡಿ ಹಾಕಿಕೊಡ್ಬೇಕು ಅಂತಿದೀನಿ. ನಾನೇನು ನಿಮ್ಮನ್ನ ಬೀದಿಗೆ ಹಾಕ್ತೀನಾ? ಹಿಂದಿನ ಮನೆಗೆ ಬಂದು ಇರಿ. ಮಾಲಾಗೂ ಅಡುಗೆ ಕೆಲಸಕ್ಕೆ ಜೊತೆ ಆಗ್ತದೆ."

ಕೇಳಿದ್ರಾ? ಹದಿನಾರು ವರ್ಷ ಎರಡು ತಾಲ್ಲೂಕಿನ ಮದುವೆ ಮಾಡಿಸಿದ ಕೈ ಇದು. ಇದು ಹೋಗಿ ಅವನ ಹೆಂಡತಿಗೆ ತೆಂಗಿನಕಾಯಿ ತುರಿದು ಕೊಡ್ಬೇಕಂತೆ. ಮಾಲಾ ಕೆಟ್ಟವಳಲ್ಲ, ಅವಳ ಮೇಲೆ ನನಗೇನೂ ಇಲ್ಲ. ಆದ್ರೆ ಆ ಮಾತು ಕೇಳಿ ನನಗೆ ಮೈಯೆಲ್ಲಾ ಉರಿದುಹೋಯ್ತು.

ಮಾರನೇ ದಿನ ಪೆಟ್ಟಿಗೆ ಎತ್ಕೊಂಡು ಶಿಕಾರಿಪುರಕ್ಕೆ ಹೋದೆ. ಅಲ್ಲಿ ಒಂದು ದೊಡ್ಡ ಕಂಪ್ಯೂಟರ್ ಅಂಗಡಿ, ಗಾಜಿನ ಬಾಗಿಲು. ಒಳಗಿದ್ದವನು ಪೆಟ್ಟಿಗೆ ಬಿಚ್ಚಲೂ ಇಲ್ಲ. ಹಿಂದೆ ಅಂಟಿಸಿದ್ದ ಚೀಟಿ ಓದಿ ನಕ್ಕ. "ಆಂಟಿ, ಇದಕ್ಕೆ ಹೊಸ ವಿಂಡೋಸ್ ಕೂರಲ್ಲ. ಹಳೇದನ್ನ ಕಂಪನಿಯವರೇ ಕೈಬಿಟ್ಟಿದಾರೆ. ಗುಜರಿಗೆ ಹಾಕಿ, ಹೊಸದು ತಗೊಳ್ರಿ."

"ಹೊಸದು ನನಗೆ ಬೇಡಪ್ಪ. ಇದೇ ನಡೀಬೇಕು."

"ಯಾಕಾಂಟಿ, ಸೆಂಟಿಮೆಂಟಾ?"

ಸೆಂಟಿಮೆಂಟಂತೆ. ಅವನಿಗೆ ಏನು ಅಂತ ಹೇಳ್ಲಿ? ಹೊಸ ಮಿಷನ್ ತಂದು ಇಟ್ಟ ಗಳಿಗೆಗೆ ಹಳೇದು ನಿಂತಿತು ಅಂತ ನಾನೇ ಒಪ್ಕೊಂಡ ಹಾಗೆ. ಪೆಟ್ಟಿಗೆ ಎತ್ಕೊಂಡು ವಾಪಸ್ ಬಂದೆ. ಬಸ್ಸಲ್ಲಿ ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಸೆರಗು ಬಾಯಿಗಿಟ್ಕೊಂಡು ಶಿರಾಳಕೊಪ್ಪ ಬರೋವರೆಗೂ ಅತ್ತೆ.

ಬಂದು ನೋಡಿದ್ರೆ ಅಂಗಡಿ ಮುಂದೆ ಉಚ್ಚಂಗಪ್ಪನವರೇ ಕೂತಿದಾರೆ! ಸೋಮವಾರ ಬರಬೇಕಾದವರು ಗುರುವಾರವೇ ಬಂದಿದಾರೆ ಅಂತ ಎದೆ ಧಸಕ್ ಅಂತು. ಎಂಬತ್ತೆರಡು ವರ್ಷದ ಮನುಷ್ಯ. ಮುಖ ಕೆಂಡ ಆಗಿತ್ತು. ಕೈಯಲ್ಲಿ ಒಂದು ಮದುವೆ ಕಾರ್ಡು.

"ಓದವ್ವಾ ಇದನ್ನ. ಜೋರಾಗಿ ಓದು."

ಅವರ ಮೊಮ್ಮಗಳು ಧನ್ಯಾಳ ಮದುವೆ ಕಾರ್ಡು. ನಮ್ಮ ಕಡೆ ಕಾರ್ಡು ಮಾಡಿಸೋ ಪದ್ಧತಿ ನಿಮಗೆ ಗೊತ್ತಿರ್ಲಿಕ್ಕಿಲ್ಲ. ಯಾರೂ ಹೊಸದಾಗಿ ಬರೆಸಲ್ಲ. ಮನೇಲಿ ಹಿಂದೆ ಆದ ಮದುವೆ ಕಾರ್ಡು ತರ್ತಾರೆ, ಇದೇ ತರ ಇರ್ಲಿ, ಹೆಣ್ಣು ಗಂಡಿನ ಹೆಸರು ಬದಲಾಯಿಸ್ರಿ ಅಂತಾರೆ. ಯಾಕಂದ್ರೆ ಕೆಳಗಡೆ ಇರೋ ಹೆಸರುಗಳ ಸಾಲು ಇದೆಯಲ್ಲ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅಳಿಯಂದಿರು, ಅದರಲ್ಲಿ ಒಂದು ಹೆಸರು ಮೇಲೆ ಕೆಳಗೆ ಆದ್ರೆ ಮುಗೀತು. ಆ ಮನೆಯಿಂದ ಒಬ್ಬ ಊಟಕ್ಕೆ ಬರಲ್ಲ. ಆ ಸಾಲುಗಳೆಲ್ಲ ನನ್ನ ಮಿಷನ್ನಲ್ಲಿ ಇವೆ. ಉಳವಿಯಿಂದ ಹಿಡಿದು ಚಂದ್ರಗುತ್ತಿವರೆಗೆ ಯಾವ ಮನೇಲಿ ಯಾರು ಹಿರಿಯರು ಅಂತ ಕೇಳ್ರಿ, ತೆಗೆದು ತೋರಿಸ್ತೀನಿ.

ನನ್ನ ಮಿಷನ್ ಕೆಟ್ಟಿದೆ ಅಂತ ರೇಣುಕ ಬುಧವಾರವೇ ಉಚ್ಚಂಗಪ್ಪನವರಿಗೆ ಫೋನ್ ಮಾಡಿ, ಮೊಬೈಲಲ್ಲೇ ಕಾರ್ಡು ಮಾಡೋ ಯಾರನ್ನೋ ಗೊತ್ತುಮಾಡಿ ಕೊಟ್ಟಿದ್ದ. ಆ ಮಹಾಶಯ ಉಚ್ಚಂಗಪ್ಪನವರ ಮನೆಯ ಹಳೇ ಕಾರ್ಡು ಕೇಳಿ ತರಿಸದೆ, ಯಾರದೋ ಬೇರೆ ಮನೆ ಕಾರ್ಡು ತಗೊಂಡು ಹೆಸರು ಮಾತ್ರ ಬದಲಾಯಿಸಿದಾನೆ. ಆ ಮನೆ ಹಿರಿಯರು ತೀರಿಕೊಂಡಿದ್ರು. ಹೆಸರಿನ ಹಿಂದೆ ದಿವಂಗತ ಅನ್ನೋದಕ್ಕೆ 'ದಿ' ಬರೆದು ಎರಡು ಗೀಟು ಎಳೀತಾರಲ್ಲ, ಅದು ಹಾಗೇ ಉಳಿದಿದೆ.

"ದಿವಂಗತ ಉಚ್ಚಂಗಪ್ಪನವರ ಆಶೀರ್ವಾದಗಳೊಂದಿಗೆ," ಅಂತ ಓದಿದೆ.

"ನನ್ನ ಕೊಂದೇ ಹಾಕ್ಯಾರಲ್ಲವ್ವಾ! ಬದುಕಿರೋ ಮನುಷ್ಯನ್ನ! ಊರಿಗೆಲ್ಲ ಫೋನಲ್ಲಿ ಹೋಗೈತಿ. ಬೆಳಿಗ್ಗೆಯಿಂದ ಮೂರು ಜನ ಮಾತಾಡ್ಸಾಕ ಬಂದ್ರು, ಒಬ್ಬ ಅಂತೂ ಹಾರ ತಂದಿದ್ದ. ನಿನ್ನೆಯಿಂದ ನನಗೆ ಗಂಟಲಲ್ಲಿ ತುತ್ತು ಇಳಿದಿಲ್ಲ."

ನಗು ಬಂತು ರೀ. ತುಟಿ ಕಚ್ಕೊಂಡೆ.

"ನಿನ್ನ ಮಿಷನ್ನಾಗೆ ನಮ್ಮ ಹಳೇ ಕಾರ್ಡು ಐತಲ್ಲ, ಅದನ್ನೇ ತೆಗಿ. ಸೋಮವಾರ ಬರ್ತೀನಿ. ಕಾರ್ಡೂ ನೋಡ್ತೀನಿ, ಮಿಷನ್ನೂ ನೋಡ್ತೀನಿ. ನಡೆದ್ರೆ ನಡೀತು, ಇಲ್ದಿದ್ರೆ ರೇಣುಕಂಗೆ ಕೊಟ್ಟ ಮಾತು ನಾನು ಮುರಿಯಾಕ ಬರಲ್ಲ," ಅಂತ ಕೋಲು ಊರಿಕೊಂಡು ಹೋದ್ರು.

ಪಕ್ಕದ ಅಂಗಡಿ ಪೀರ್ ಸಾಬರು ಇದೆಲ್ಲ ಕೇಳಿಸ್ಕೊಂಡಿದ್ರು. ಅವರು ರೇಡಿಯೋ ರಿಪೇರಿ ಮಾಡ್ತಾರೆ. ಈ ಕಾಲದಲ್ಲೂ ರೇಡಿಯೋನಾ ಅಂತ ಕೇಳ್ಬೇಡಿ, ಕೇಳಿದವರಿಗೆ ಅವರ ಹತ್ರ ಒಂದೇ ಉತ್ತರ: ಕೆಟ್ಟಿರೋದು ರೇಡಿಯೋ, ಕಾಲ ಅಲ್ಲ. ಬಂದು ಪೆಟ್ಟಿಗೆ ಬಿಚ್ಚಿದ್ರು. ಒಳಗೆ ಹಲ್ಲಿ ಮೊಟ್ಟೆ, ಅಂಗೈಯಗಲ ಧೂಳು. ಬ್ರಷ್ಷಲ್ಲಿ ಗುಡಿಸಿ, ಮೆಮೊರಿ ಪಟ್ಟಿ ಕಿತ್ತು, ಪೆನ್ಸಿಲ್ ಅಳಿಸೋ ರಬ್ಬರಿನಿಂದ ಅದರ ಹಲ್ಲು ಉಜ್ಜಿ ಮತ್ತೆ ಕೂರಿಸಿದ್ರು.

"ಮೈಯೆಲ್ಲಾ ಗಟ್ಟಿ ಇದೆ ಅಮ್ಮಾ, ತಲೆ ಒಂದು ಕೆಟ್ಟಿದೆ," ಅಂದ್ರು. "ಸೊರಬದಲ್ಲಿ ಚಂದ್ರಶೇಖರಪ್ಪ ಮೇಷ್ಟ್ರು ಇದಾರೆ. ಹೈಸ್ಕೂಲಲ್ಲಿ ಲೆಕ್ಕ ಹೇಳ್ತಿದ್ರು, ಈಗ ರಿಟೈರು. ಶಾಲೆಗಳಲ್ಲಿ ಸತ್ತುಬಿದ್ದ ಕಂಪ್ಯೂಟರಿಗೆಲ್ಲ ವಿಂಡೋಸ್ ಬದಲು ಅದ್ಯಾವುದೋ ಲಿನಕ್ಸ್ ಹಾಕಿ ಎಬ್ಬಿಸ್ತಿದ್ರು. ಟೇಪ್ ರೆಕಾರ್ಡರ್ ರಿಪೇರಿಗೆ ನನ್ನ ಹತ್ರ ಬರ್ತಾರೆ. ನನ್ನ ಹೆಸರು ಹೇಳ್ರಿ."

ಶನಿವಾರ ಬೆಳಿಗ್ಗೆ ಪೆಟ್ಟಿಗೆಗೆ ಹಳೇ ದುಪ್ಪಟಿ ಸುತ್ತಿ ಸೊರಬದ ಬಸ್ಸು ಹತ್ತಿದೆ. ಸೀಟು ಸಿಕ್ತು, ತೊಡೆ ಮೇಲೆ ಇಟ್ಕೊಂಡೆ. ಕಂಡಕ್ಟರ್ ಬಂದು ದುಪ್ಪಟಿ ಮುಟ್ಟಿ ನೋಡಿದ.

"ಏನಮ್ಮ ಇದು?"

"ಕಂಪ್ಯೂಟರ್."

"ನಿಮಗೆ ಫ್ರೀ ಟಿಕೆಟ್ಟು. ಇದಕ್ಕೆ ಲಗೇಜು ಆಗ್ತದೆ."

"ತೊಡೆ ಮೇಲಿದೆ ಅಲ್ವೇನಪ್ಪ? ತೊಡೆ ಮೇಲಿರೋ ಮಗೂಗೆ ಟಿಕೆಟ್ ಕೇಳ್ತೀಯಾ?"

"ಮಗೂಗೆ ಎಷ್ಟು ವಯಸ್ಸು?"

"ಹದಿನಾರು."

"ಹದಿನಾರಾದ್ರೆ ಫುಲ್ ಟಿಕೆಟ್ಟಮ್ಮ!"

"ಹೆಣ್ಣು ಮಗು ಅಂತ ಬರ್ಕೋ. ಹೆಂಗಸರಿಗೆಲ್ಲ ಫ್ರೀ ಅಲ್ವಾ?"

"ಆಧಾರ್ ಕಾರ್ಡ್ ತೋರಿಸ್ಲಿ ಹಾಗಾದ್ರೆ," ಅಂದ. ಇಡೀ ಬಸ್ಸು ನಕ್ತು. ನಾನೂ ನಕ್ಕೆ. ನಾಲ್ಕು ದಿನ ಆಗಿತ್ತು ನಕ್ಕು. ಕೊನೆಗೆ ಅವನು ಲಗೇಜಿನ ಮಾತು ಬಿಟ್ಟು ಮುಂದೆ ಹೋದ.

ಚಂದ್ರಶೇಖರಪ್ಪ ಮೇಷ್ಟ್ರ ಮನೆ ಸೊರಬದ ಬಸ್‌ಸ್ಟ್ಯಾಂಡಿಗೆ ಹತ್ರ. ಬನಿಯನ್ನು, ಪಂಚೆ, ಕಿವಿಯಲ್ಲಿ ಪೆನ್ನು. ಪೀರ್ ಸಾಬರ ಹೆಸರು ಹೇಳಿದ್ದಕ್ಕೆ ಒಳಗೆ ಕರೆದ್ರು. ನನ್ನ ಕಥೆ ಕೇಳಿ ಸುಮ್ನೆ ತಲೆ ಆಡಿಸಿದ್ರು, ಒಂದು ಪೆನ್‌ಡ್ರೈವ್ ತಂದ್ರು. ಪೆನ್‌ಡ್ರೈವ್ ಕಂಡ್ರೇ ನನಗೆ ಮೈ ಜುಂ ಅಂತಿತ್ತು.

"ಇಟ್ಟು ಹೋಗ್ರಿ, ಸಂಜೆಗೆ ಮಾಡಿ ಕೊಡ್ತೀನಿ," ಅಂದ್ರು.

"ಇಲ್ಲ ಮೇಷ್ಟ್ರೇ. ನನ್ನ ಕೈಯಲ್ಲೇ ಮಾಡಿಸ್ರಿ. ಮತ್ತೆ ಕೆಟ್ರೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗೋದು ನನಗೆ ಬೇಡ."

ಅವರು ಕುರ್ಚಿ ಬಿಟ್ಟು ಎದ್ರು. ನಾನು ಕೂತೆ. ಪೆನ್‌ಡ್ರೈವ್ ಹಾಕಿ ಹಚ್ಚಿದ್ರೆ ಮೇಷ್ಟ್ರ ಮನೆಯ ಸ್ಕ್ರೀನಲ್ಲಿ ಕಪ್ಪಿನ ಮೇಲೆ ಅಕ್ಷರ ಜರಜರ ಅಂತ ಇಳಿದು, ಆಮೇಲೆ ತಣ್ಣಗೆ ಒಂದು ಹಸಿರು ಚಿತ್ರ ಬಂತು. ಇನ್ನೂ ಒಳಗೆ ಹಾಕಿಲ್ಲ, ಇದು ಪೆನ್‌ಡ್ರೈವಿಂದಲೇ ನಡೀತಿದೆ, ರುಚಿ ನೋಡೋಕೆ ಅಂದ್ರು ಮೇಷ್ಟ್ರು. ನಾನು ಮೊದಲು ಹುಡುಕಿದ್ದು ನನ್ನ ಡಿ ಡ್ರೈವ್. ಇತ್ತು! ಕಾರ್ಡುಗಳು, ಅರ್ಜಿಗಳು, ವರ್ಷವಾರು ಹದಿನಾರು ಫೋಲ್ಡರು. ವೈರಸ್ ತಿಂದಿದ್ದು ವಿಂಡೋಸನ್ನ ಮಾತ್ರ. ಉಸಿರು ಬಂದಹಾಗಾಯ್ತು.

"ಇದು ಯಾವ ಕಂಪನೀದು ಮೇಷ್ಟ್ರೇ?"

"ಯಾವ ಕಂಪನೀದೂ ಅಲ್ಲ. ಸಾವಿರಾರು ಜನ ಸೇರಿ ಬರೆದು, ಬೇಕಾದವರು ತಗೊಳ್ರಿ, ಹಂಚ್ರಿ ಅಂತ ಬಿಟ್ಟಿದಾರೆ. ಇಂಥವನೇ ಇದರ ಯಜಮಾನ ಅಂತ ಒಬ್ಬ ಇಲ್ಲ."

"ಯಜಮಾನ ಇಲ್ದೇ ನಡೀತದಾ?"

"ಚೆನ್ನಾಗೇ ನಡೀತದೆ," ಅಂದ್ರು, ಕನ್ನಡಕ ಒರೆಸ್ತಾ.

ಹಾಕೋದಕ್ಕೆ ಶುರು ಮಾಡಿದೆ. ಅದು ಒಂದೊಂದೇ ಕೇಳ್ತದೆ, ನಾನು ಒತ್ತೋದು. ಮೇಷ್ಟ್ರು ಪಕ್ಕದಲ್ಲಿ ನಿಂತು ಅಭ್ಯಾಸಬಲದಿಂದ ಮುಂದೆ, ಮುಂದೆ, ಮುಂದೆ ಒತ್ತಿ ಅಂತಿದ್ರು. ಒಂದು ಕಡೆ ನಾನು ಕೈ ತೆಗೆದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದ್ರೆ ಪ್ರೂಫ್ ನೋಡಿ ನೋಡಿ, ಓದದೆ ಏನೂ ಒತ್ತೋ ಜಾತಿ ನಂದಲ್ಲ. ಅಕ್ಷರ ಕೂಡಿಸಿ ಓದಿದೆ.

"ಮೇಷ್ಟ್ರೇ, ಇಡೀ ಡಿಸ್ಕ್ ಅಳಿಸಿ ಹಾಕು ಅಂತಿದೆ."

ಮೇಷ್ಟ್ರು ಬಗ್ಗಿ ನೋಡಿದವರೇ ಹಣೆ ಚಚ್ಚಿಕೊಂಡ್ರು. "ಅಯ್ಯೋ ಶಿವನೇ! ಶಾಲೆ ಮಿಷನ್ನಲ್ಲಿ ಉಳಿಸ್ಕೊಳ್ಳೋಕೆ ಏನಿರ್ತಿತ್ತು? ಯಾವಾಗ್ಲೂ ಪೂರ್ತಿ ಅಳಿಸಿಯೇ ಹಾಕ್ತಿದ್ದೆ. ಬಾಯಿಗೆ ಅದೇ ಬಂದುಬಿಡ್ತು."

ಇನ್ನೊಂದು ಸಲ ಒತ್ತಿದ್ರೆ ಹದಿನಾರು ವರ್ಷದ ಕೆಲಸ ನೀರುಪಾಲಾಗ್ತಿತ್ತು. ನೀರು ಕುಡಿದು ಕೂತೆ. ಕೆಳಗಿನ ಇನ್ನೊಂದು ದಾರಿ ಹಿಡಿದು, ವಿಂಡೋಸ್ ಇದ್ದ ಸಿ ಜಾಗ ಮಾತ್ರ ಕೊಟ್ಟು, ಡಿ ಮುಟ್ಟದ ಹಾಗೆ ಮಾಡಿದ್ವಿ. ಎರಡೆರಡು ಸಲ ಓದಿ ಒತ್ತಿದೆ. ನಿಮ್ಮ ಹೆಸರೇನು ಅಂತ ಕೇಳ್ತು, ಹೇಳಿದೆ. ಕಂಪ್ಯೂಟರಿನ ಹೆಸರೇನು ಅಂತ್ಲೂ ಕೇಳ್ತು. ಹದಿನಾರು ವರ್ಷದಲ್ಲಿ ಅದಕ್ಕೆ ಹೆಸರಿಡೋದು ನನಗೆ ಹೊಳೆದಿರ್ಲಿಲ್ಲ. 'ಮುಂದಿನಕೋಣೆ' ಅಂತ ಟೈಪ್ ಮಾಡಿದೆ.

ಮಧ್ಯಾಹ್ನ ಅವರ ಮನೇಲೇ ಅನ್ನ ಸಾರು ಉಂಡು ಬರೋ ಹೊತ್ತಿಗೆ ಮುಗಿದಿತ್ತು. ಪೆನ್‌ಡ್ರೈವ್ ಕಿತ್ತು ಹಚ್ಚಿದ್ವಿ. ಸ್ವಂತ ಕಾಲ ಮೇಲೆ ಎದ್ದು ಬಂತು ನನ್ನ ಮಿಷನ್, ಮೊದಲಿಗಿಂತ ಚುರುಕಾಗಿ. ಉಚ್ಚಂಗಪ್ಪನವರ ಹಳೇ ಕಾರ್ಡು ತೆಗೆದೆ. ತೆಗೆದು ಎದೆ ಒಡೀತು. ಕನ್ನಡ ಒಂದಕ್ಷರ ಇಲ್ಲ! ತಲೆ ಮೇಲೆ ಚುಕ್ಕೆ ಇಟ್ಕೊಂಡ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಅರ್ಧಚಂದ್ರ, ಬರೀ ಕಸ.

ಆದ್ರೆ ಒಂದೇ ಕ್ಷಣ. ಇದು ನನಗೆ ಗೊತ್ತಿರೋ ರೋಗ. ಹಳೇ ಕನ್ನಡ ಫಾಂಟು ಇಲ್ಲದ ಯಾವ ಮಿಷನ್ನಲ್ಲೂ ನಮ್ಮ ಕಾರ್ಡು ಹೀಗೇ ಕಾಣೋದು. ಈ ಹಿಂದೆ ಮಿಷನ್ ಫಾರ್ಮ್ಯಾಟ್ ಮಾಡಿಸಿದಾಗೆಲ್ಲ ಫಾಂಟ್ ಹೊಸದಾಗಿ ಹಾಕ್ಬೇಕಾಗ್ತಿತ್ತು, ಅದಕ್ಕೇ ಎಲ್ಲಾ ಫಾಂಟೂ ಡಿ ಡ್ರೈವಿನ ಮೂಲೇಲಿ ಗಂಟು ಕಟ್ಟಿ ಇಟ್ಟಿದ್ದೆ. ಹುಡುಕಿ ಒಂದೊಂದೇ ಹಾಕಿದೆ. ಕಾರ್ಡು ಮುಚ್ಚಿ ಮತ್ತೆ ತೆಗೆದೆ. ಬಾರ್ಡರು ಸ್ವಲ್ಪ ಪಕ್ಕಕ್ಕೆ ಸರಿದಿತ್ತು, ಆದ್ರೆ ಅಕ್ಷರ ಮುತ್ತಿನ ಹಾಗೆ ಸಾಲಾಗಿ ಬಂದು ಕೂತ್ವು. 'ಶ್ರೀ ಉಚ್ಚಂಗಪ್ಪನವರ ಆಶೀರ್ವಾದಗಳೊಂದಿಗೆ.' ಬದುಕಿದ್ದಾರೆ ಮುದುಕಪ್ಪ! ಜೋರಾಗಿ ಚಪ್ಪಾಳೆ ತಟ್ಟಿದೆ. ಮೇಷ್ಟ್ರ ಹೆಂಡತಿ ಒಳಗಿಂದ ಓಡಿಬಂದ್ರು ಏನಾಯ್ತೋ ಅಂತ.

ಭಾನುವಾರ ಪೂರ್ತಿ ಕೂತು ಬಾರ್ಡರ್ ಸರಿಮಾಡಿದೆ. ಪ್ರಿಂಟರು ಸ್ವಲ್ಪ ಸತಾಯಿಸ್ತು, ಮೇಷ್ಟ್ರು ಫೋನಲ್ಲೇ ಹೇಳಿಕೊಟ್ರು. ಕೀ ಒತ್ತೋ ರೀತಿ ಮೊದಲಿನ ಹಾಗೇ ಇತ್ತು, ನನ್ನ ಬೆರಳಿಗೆ ಹೊಸದಾಗಿ ಕಲಿಯೋದು ಏನೂ ಇರ್ಲಿಲ್ಲ.

ಸೋಮವಾರ ಸಂತೆ ತುಂಬಿತ್ತು. ಹನ್ನೊಂದು ಗಂಟೆಗೆ ಉಚ್ಚಂಗಪ್ಪನವರು ಬಂದ್ರು, ಹಿಂದೆ ರೇಣುಕ. ಅವನ ಕೈಲಿ ಅಳತೆ ಟೇಪು! ಷೋಕೇಸಿಗೆ ಗೋಡೆ ಅಳೆಯೋಕೆ ತಂದಿದ್ದನಂತೆ. ಪೀರ್ ಸಾಬರೂ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತ್ರು. ನಾನು ಮಿಷನ್ ಹಚ್ಚಿದೆ. ಕಾರ್ಡು ತೆಗೆದೆ. ಪ್ರಿಂಟ್ ಕೊಟ್ಟೆ. ಬಿಸಿಬಿಸಿ ಕಾಗದ ಉಚ್ಚಂಗಪ್ಪನವರ ಕೈಗಿಟ್ಟೆ.

ಅವರು ಕಾಗದ ದೂರ ಹಿಡಿದು, ತಮ್ಮ ಹೆಸರು ಹುಡುಕಿ, ಬೆರಳಿಟ್ಟು ಓದಿದ್ರು. ಹಿಂದೆ ಏನೂ ಇಲ್ಲ ಅಂತ ಇನ್ನೊಂದ್ಸಲ ನೋಡಿದ್ರು. ಆಮೇಲೆ ಕೆಳಗಿನ ಸಾಲು. ಹಿರಿಯ ಅಳಿಯ ಮೇಲೆ, ಕಿರಿಯ ಅಳಿಯ ಕೆಳಗೆ. ಸೋದರಮಾವ ಅವನ ಜಾಗದಲ್ಲಿ. ಮುಖ ಅರಳಿತು.

"ಹಾಂ! ಇದು ಕಾರ್ಡು ಅಂದ್ರೆ."

ರೇಣುಕ ಸ್ಕ್ರೀನ್ ಹತ್ರ ಬಗ್ಗಿ ನೋಡಿದ. "ಇದು ವಿಂಡೋಸ್ ಅಲ್ವಲ್ಲ. ಒಳಗಡೆದೆಲ್ಲ ತೆಗೆದು ಬೇರೆ ತುಂಬಿಸಿದಾರೆ ಅಜ್ಜಾರೇ. ಹೊರಗಿನ ಡಬ್ಬ ಮಾತ್ರ ಹಳೇದು. ಆವತ್ತು ಮಾತಾಡಿದ ಮಿಷನ್ ಇದಲ್ಲ."

ಉಚ್ಚಂಗಪ್ಪನವರು ಅವನ ಕಡೆ ತಿರುಗಿದ್ರು. "ಹೋದ ವರ್ಷ ನನ್ನ ಎರಡೂ ಕಣ್ಣು ಆಪರೇಷನ್ ಆತಲ್ಲೋ. ಒಳಗಿಂದ ತೆಗೆದು ಬೇರೆ ಹಾಕ್ಯಾರ. ಹಂಗಾರ ನಾನು ಉಚ್ಚಂಗಪ್ಪ ಅಲ್ಲೇನು? ನೀನೂ ನನ್ನ ಹೆಸರಿಗೆ ಎರಡು ಗೀಟು ಎಳೀತೀಯೇನು?"

ಪೀರ್ ಸಾಬರು ಬಾಗಿಲಲ್ಲಿ ಕೆಮ್ಮಿದ್ರು, ನಗು ತಡೆಯೋಕೆ.

"ಮಿಷನ್ ನಡೀತೈತಿ," ಅಂತ ಉಚ್ಚಂಗಪ್ಪನವರು ಕೋಲು ಹಿಡಿದು ಎದ್ರು. "ಕೋಣೆ ಜಗದಾಂಬಂದೇ. ಮಿಷನ್ ನಡೆಯೋವರೆಗೆ ಅಂತ ಆವತ್ತೂ ಹೇಳೀನಿ, ಇವತ್ತೂ ಅದೇ ಮಾತು."

ಗೆದ್ದೆ ಅಲ್ವಾ? ಸಂತೋಷ ಆಗ್ಬೇಕಿತ್ತು. ಆದ್ರೆ ನಡೆಯೋವರೆಗೆ ಅನ್ನೋ ಆ ಮಾತು ಕಿವಿಗೆ ಬಿದ್ದಿದ್ದೇ ತಡ, ಬಂದ ಸಂತೋಷ ಅಲ್ಲೇ ಆರಿಹೋಯ್ತು. ನಾಳೆ ಇನ್ನೊಬ್ಬ ಪೆನ್‌ಡ್ರೈವ್ ತರ್ತಾನೆ. ಇನ್ನೊಂದು ಹಲ್ಲಿ ಮೊಟ್ಟೆ ಇಡ್ತದೆ. ಮತ್ತೆ ನಾನು ದುಪ್ಪಟಿ ಸುತ್ತಿಕೊಂಡು ಊರೂರು ಓಡ್ಬೇಕು. ಇಷ್ಟು ವರ್ಷ ಕರೆಂಟು ಹೋದಾಗೆಲ್ಲ ನನ್ನ ಜೀವ ಹೋಗಿ ಬಂದಿದೆ ರೀ.

ಕೈ ಚಾಚಿ ಮಿಷನ್ ಆರಿಸಿದೆ. ಸ್ಕ್ರೀನು ಕಪ್ಪಾಯ್ತು. ಫ್ಯಾನಿನ ಸದ್ದು ನಿಂತಿತು.

"ಏನಾತವ್ವಾ, ಕರೆಂಟ್ ಹೋತೇನು?"

"ಇಲ್ಲ ಯಜಮಾನ್ರೇ. ನಾನೇ ನಿಲ್ಲಿಸ್ದೆ. ಈಗ ಮಿಷನ್ ನಿಂತಿದೆ. ಹೇಳ್ರಿ, ಈಗ ಈ ಕೋಣೆ ಯಾರ್ದು?"

"ಅತ್ತಿಗೆಗೆ ತಲೆ ಕೆಟ್ಟಿದೆ," ಅಂದ ರೇಣುಕ.

"ನೀನು ಬಾಯಿ ಮುಚ್ಚೋ. ನಾನು ಹಿರಿಯರನ್ನ ಕೇಳ್ತಿದೀನಿ." ನನ್ನ ದನಿ ರಸ್ತೆಗೆ ಕೇಳಿಸ್ತಿತ್ತು, ಕೇಳಿಸ್ಲಿ. "ನಿಮ್ಮ ಕಾರ್ಡು ಹೇಗೂ ಮಾಡಿ ಕೊಡ್ತೀನಿ ಯಜಮಾನ್ರೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಹೆಸರಿನ ಹಿಂದೆ ಎರಡು ಗೀಟು ಎಳೆದಿದ್ದಕ್ಕೆ ನಿಮಗೆ ಎರಡು ದಿನ ತುತ್ತು ಇಳೀಲಿಲ್ಲ. ನನ್ನ ಹೆಸರಿನ ಹಿಂದೆ ನೀವು ಒಂದು ಪೆಟ್ಟಿಗೆ ಕಟ್ಟಿ ಹದಿಮೂರು ವರ್ಷ ಆಯ್ತು. ಪೆಟ್ಟಿಗೆ ನಡೆದ್ರೆ ನಾನು ಬದುಕಿದೀನಿ, ನಿಂತ್ರೆ ನಾನಿಲ್ಲ. ನಮ್ಮನೆಯವರ ಪಾಲು ನನಗೆ ಬಂದಿದ್ದು ನಾನು ಅವರ ಹೆಂಡತಿ ಅಂತನಾ, ಈ ಡಬ್ಬದ ಹೆಂಡತಿ ಅಂತನಾ?"

ಸಂತೆಗೆ ಬಂದವರು ನಾಲ್ಕೈದು ಜನ ಬಾಗಿಲಲ್ಲಿ ನಿಂತುಬಿಟ್ಟಿದ್ರು. ಉಚ್ಚಂಗಪ್ಪನವರು ಕೈಯಲ್ಲಿದ್ದ ಕಾರ್ಡು ನೋಡಿದ್ರು, ನನ್ನ ನೋಡಿದ್ರು. ಮತ್ತೆ ಕುರ್ಚಿ ಮೇಲೆ ಕೂತ್ರು. ಮುದುಕರ ಕಣ್ಣು ಒದ್ದೆಯಾಗಿತ್ತು, ಹೊಸ ಕಣ್ಣು.

"ಆವತ್ತು ನಿನ್ನ ಒಂದು ಮಾತು ಕೇಳಬೇಕಿತ್ತು ನಾನು," ಅಂದ್ರು. "ಕೇಳಲಿಲ್ಲ. ತಪ್ಪಾತು. ಕೋಣೆ ನಿಂದವ್ವಾ."

"ಮಿಷನ್ ನಿಂತಿದೆ, ಆದ್ರೂನಾ?"

"ಮಿಷನ್ ಹಳ್ಳಕ್ಕೆ ಬೀಳ್ಲಿ. ಕೋಣೆ ನಿಂದು. ಹಚ್ಚು ಅದನ್ನ, ಕಾಗದ ಮಾಡು, ಸಹಿ ಹಾಕ್ತೀನಿ."

ಹಚ್ಚಿದೆ. ಹೊಸ ಕಾಗದ ಶುರು ಮಾಡ್ಲಿಲ್ಲ. ಎರಡು ಸಾವಿರದ ಹನ್ನೆರಡರ ಫೋಲ್ಡರ್ ತೆಗೆದು ಆ ಹಳೇ ಕರಾರು ಪತ್ರವನ್ನೇ ತಂದೆ. ನಾನೇ ಒಂದು ಅಕ್ಷರ ತಪ್ಪದ ಹಾಗೆ ಟೈಪ್ ಮಾಡಿದ ಸಾಲು ಅಲ್ಲೇ ಇತ್ತು. 'ಸದರಿ ಕಂಪ್ಯೂಟರ್ ಯಂತ್ರವು ನಡೆಯುವವರೆಗೆ ಮುಂದಿನ ಕೋಣೆಯು ಜಗದಾಂಬ ಇವರದಾಗಿರುತ್ತದೆ.' ಮುಂದಿನ ಸಾಲಲ್ಲಿ ಯಂತ್ರ ನಿಂತರೆ ಏನು ಅಂತ. ಆ ಮುಂದಿನ ಸಾಲು ಮೊದಲು ಅಳಿಸಿದೆ. ಆಮೇಲೆ 'ವರೆಗೆ' ಇಂದ ಹಿಂದಕ್ಕೆ, ಒಂದೊಂದೇ ಅಕ್ಷರ. ಒಂದೇ ಸಲ ಅಳಿಸ್ಬಹುದಿತ್ತು. ನಾನು ಒಂದೊಂದೇ ಅಳಿಸಿದೆ. ಕೆಳಗೆ ಆ ಸೋಮವಾರದ ತಾರೀಖು ಹಾಕಿ ಪ್ರಿಂಟ್ ತೆಗೆದೆ.

ಉಚ್ಚಂಗಪ್ಪನವರು ಬೆರಳಿಟ್ಟು ಓದಿದ್ರು. "ಮುಂದಿನ ಕೋಣೆಯು ಜಗದಾಂಬ ಇವರದಾಗಿರುತ್ತದೆ." ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ್ರು. "ಮುಂದೆ?"

"ಮುಂದೆ ಏನೂ ಇಲ್ಲ ಯಜಮಾನ್ರೇ. ಅಷ್ಟೇ."

ಸಹಿ ಹಾಕಿದ್ರು. ಸಾಕ್ಷಿಗೆ ಪೀರ್ ಸಾಬರು ಹಾಕಿದ್ರು. ರೇಣುಕ ಸ್ವಲ್ಪ ಹೊತ್ತು ಅಳತೆ ಟೇಪನ್ನ ಎಳೀತಾ ಬಿಡ್ತಾ ನಿಂತಿದ್ದ, ಆಮೇಲೆ ಅವನೂ ಹಾಕಿದ. ನಾನು ಪೆನ್ನು ವಾಪಸ್ ಇಸ್ಕೊಂಡು, ಬಾಗಿಲಲ್ಲಿ ಅರ್ಜಿ ಹಿಡ್ಕೊಂಡು ನಿಂತಿದ್ದವರನ್ನ ಒಳಗೆ ಕರೆದೆ.